ಪದ್ಮಿನಿಗೆ ಐವತ್ತು ತುಂಬಿತು

ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಕೊನೆಯದಾಗಿ ನೋಂದಣಿಯಾಗಿದ್ದ ಗಾಡಿಗೆ ಆಗ 20 ವರ್ಷ ತುಂಬಿತ್ತು. ಅಲ್ಲಿನ ನಿಯಮದಲ್ಲಿ ಟ್ಯಾಕ್ಸಿಯ ಆಯುಸ್ಸು ಅಷ್ಟೇ. ಸ್ವಂತ ಬಳಕೆಯ ಕಾರಿಗೆ ಕರ್ನಾಟಕದಲ್ಲಿ ಅಂಥ ಗಡುವಿಲ್ಲ. ಮೊದಲ 15 ವರ್ಷ ಕಳೆದ ಮೇಲೆ ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣವಾಗುತ್ತದೆ. ಅಜ್ಜ ಕೊಂಡ ಫಿಯೆಟ್ಟು ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದ್ದರೆ, ಅದನ್ನು ಮತ್ತೆ ರಸ್ತೆಗಿಳಿಸುವ ಆಸೆಗೆ ಕಾನೂನು ಅಡ್ಡ ಬರುವುದಿಲ್ಲ.

ಮನೆಯಲ್ಲೇ ಕೈಯಾಡಿಸಲು ಇಷ್ಟು ಸಲೀಸಾದ ಕಾರುಗಳು ಕಡಿಮೆ. ಇಟಲಿಯ ಫಿಯೆಟ್ 1100ಡಿ ಮಾದರಿಯನ್ನು ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಮುಂಬೈನ ಕುರ್ಲಾದಲ್ಲಿ 1964ರಿಂದ ತಯಾರಿಸತೊಡಗಿತು. 1974ರಲ್ಲಿ ಅದಕ್ಕೆ ‘ಪದ್ಮಿನಿ’ ಎಂಬ ಹೆಸರು ಬಂತು. 1,089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಒಂದು ಕಾರ್ಬುರೇಟರ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಬಾನೆಟ್ ಎತ್ತಿದರೆ ಹೆಚ್ಚಿನ ಭಾಗಗಳು ಕಣ್ಣಿಗೂ ಕಾಣುತ್ತವೆ, ಕೈಗೂ ಎಟಕುತ್ತವೆ.

ಹಳೆ ಕಾರು ಹಿಡಿದವರು ಮೊದಲು ಕಿವಿಗೊಡುವುದು ಎಂಜಿನ್ ಸದ್ದಿಗೆ. ಆದರೆ ಮೊದಲು ನೋಡಬೇಕಾದ್ದು ತಗಡನ್ನು. ಜೀಪಿಗಿರುವಂಥ ಬೇರೆ ಚಾಸಿ ಈ ಕಾರಿಗಿಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಭಾಗ, ಫ್ಲೋರು, ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ ತುಕ್ಕು ಹಿಡಿದರೆ ಅಂದವಷ್ಟೇ ಕೆಡುವುದಲ್ಲ, ಗಾಡಿಯ ಬಲವೇ ಹೋಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಕಾರಿಗೆ ಈ ಕಾಟ ಇನ್ನೂ ಹೆಚ್ಚು. ಪುಟ್ಟ ಆಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಆಡಿಸಿದರೆ ಗುಟ್ಟು ಹೊರಬೀಳುತ್ತದೆ. ಅಂಟದ ಕಡೆ ಬಣ್ಣದಡಿ ಇರುವುದು ದಪ್ಪ ಪುಟ್ಟಿ. ಅದರ ಕೆಳಗೆ ತುಕ್ಕು ಸದ್ದಿಲ್ಲದೆ ಹಬ್ಬಿರುತ್ತದೆ. ಕೆಟ್ಟ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕು. ಆ ಕೆಲಸವನ್ನು ಮಾತ್ರ ಪಳಗಿದ ಟಿಂಕರಿಂಗ್‌ನವರಿಗೇ ಬಿಡುವುದು ವಾಸಿ.

ಓಡುವುದಕ್ಕಿಂತ ಮುಂಚೆ ಕಾರು ನಿಲ್ಲಲು ಕಲಿಯಬೇಕು.

ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯ ಬ್ರೇಕ್ ಸಿಲಿಂಡರುಗಳು ಒಳಗೇ ತುಕ್ಕು ಹಿಡಿದು, ರಬ್ಬರುಗಳು ಸೆಡೆತುಹೋಗಿರುತ್ತವೆ. ಪದ್ಮಿನಿಯದು ಡ್ರಮ್ ಬ್ರೇಕ್. ಅದರೊಳಗಿನ ಹುಡಿಯನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ಇದ್ದೀತು. ಬರೀ ಜಾಕಿಯನ್ನು ನಂಬಿ ಕಾರಿನಡಿ ನುಸುಳುವುದೂ ಕೂಡದು. ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಇಳಿಯಬೇಕು.

ಎಂಜಿನ್ ವಿಷಯದಲ್ಲಿ ಆತುರ ದುಬಾರಿ. ಹೊಸ ಬ್ಯಾಟರಿ ತಂದು ಸೀದಾ ಸೆಲ್ಫ್ ಹೊಡೆದರೆ, ಒಣಗಿದ ಪಿಸ್ಟನ್ ರಿಂಗುಗಳು ಸಿಲಿಂಡರನ್ನು ಗೀರಿಬಿಡಬಹುದು. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ನೆನೆಯಲು ಬಿಟ್ಟು, ಆಮೇಲೆ ಕೈಯಲ್ಲೇ ತಿರುಗಿಸಿ ನೋಡುವುದು ಕ್ರಮ. ಸರಾಗವಾಗಿ ತಿರುಗಿದರೆ ಕಂಪ್ರೆಷನ್ ಗೇಜ್ ಹಾಕಬಹುದು. ಒತ್ತಡ ಕಡಿಮೆ ತೋರಿದ ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಮೇಲೇರಿದರೆ ರಿಂಗು ಸವೆದಿದೆ ಎಂದರ್ಥ. ಏರದಿದ್ದರೆ ವಾಲ್ವಿನ ಮೇಲೆ ಅನುಮಾನ. ರಿಂಗು, ವಾಷರು, ಗ್ಯಾಸ್ಕೆಟ್ಟುಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನು ಸುತ್ತುವವರು ಹಲವರು. ಅಲ್ಲಿ ಸಿಗದ್ದಕ್ಕೆ ಗುಜರಿ, ಅಲ್ಲೂ ಸಿಗದಿದ್ದರೆ ಲೇತ್ ಅಂಗಡಿ.

ಇಷ್ಟಾದರೂ ಕಾರನ್ನು ಹುಟ್ಟಿದಾಗ ಇದ್ದಂತೆಯೇ ಇಡುವುದು ಈಗ ಸಾಧ್ಯವಿಲ್ಲ. ಕಾರಣ ಬಂಕಿನಲ್ಲೇ ಇದೆ. ಇಂದಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಪೈಪು, ಡಯಾಫ್ರಾಮುಗಳನ್ನು ಕೆಡಿಸುತ್ತದೆ, ತೇವ ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದಕ್ಕೆ ಬೇಕಾದ ಗಾಳಿಯೂ ಕಡಿಮೆ. ಹೊಸ ಕಾರಿನ ಕಂಪ್ಯೂಟರ್ ಅದಕ್ಕೆ ತಕ್ಕಂತೆ ಇಂಧನ ಹೆಚ್ಚಿಸುತ್ತದೆ, ಕಾರ್ಬುರೇಟರಿಗೆ ಅದು ತಿಳಿಯದು. ಹಾಗಾಗಿ ಎಥನಾಲ್ ತಡೆಯುವ ಪೈಪು ಹಾಕಿಸಿ, ಬೇಕಿದ್ದರೆ ಕೊಂಚ ದೊಡ್ಡ ಜೆಟ್ ಕೂರಿಸಬೇಕಾಗುತ್ತದೆ.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವುದೂ ಇಂಥದೇ ಬದಲಾವಣೆ. ಸಿಗ್ನಲ್‌ನಲ್ಲಿ ನಿಂತಾಗ ಡೈನಮೋ ಹೆಚ್ಚುಕಡಿಮೆ ಚಾರ್ಜೇ ಮಾಡುವುದಿಲ್ಲ. 60 ವಾಟಿನ ಎರಡು ಹ್ಯಾಲೊಜೆನ್ ದೀಪ ಹಾಕಿದರೆ 12 ವೋಲ್ಟಿನಲ್ಲಿ 10 ಆಂಪಿಯರ್ ಹರಿಯುತ್ತದೆ. ಅಷ್ಟನ್ನೂ ಹಳೆಯ ಸ್ವಿಚ್ಚಿನ ಮೂಲಕ ಹಾಯಿಸಿದರೆ ಅದು ಕಾದು ಸುಡಬಹುದು. ರಿಲೇ, ಫ್ಯೂಸ್ ಸೇರಿಸಿದರೆ ಆ ಭಯವಿಲ್ಲ. ಇವೆಲ್ಲ ಬೋಲ್ಟ್ ಬಿಚ್ಚಿ ಹಿಂದಕ್ಕೆ ತರಬಹುದಾದ ಬದಲಾವಣೆಗಳು. ಫ್ಲೋರು ಕೊರೆದು ನೆಲದ ಗೇರು ತರುವುದು, ಬೇರೆ ಕಂಪನಿಯ ಎಂಜಿನ್ ಕೂರಿಸಲು ತಗಡು ಕತ್ತರಿಸುವುದು ಹಾಗಲ್ಲ.

ಕಾನೂನೂ ಗೆರೆ ಎಳೆಯುವುದು ಸುಮಾರಾಗಿ ಅಲ್ಲೇ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಿ, ‘ವಿಎ’ ಅಕ್ಷರಗಳ ವಿಶೇಷ ನಂಬರ್ ಪಡೆಯಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಕಾರು ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಆದರೆ ಆ ನಂಬರ್ ಹಾಕಿಸಿಕೊಂಡ ಕಾರಿನಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ಹಾಕಿಸುವುದು, ಇಷ್ಟಕ್ಕೇ ಅದು ರಸ್ತೆಗೆ ಬರಬೇಕು.

ಮೊದಲ ಪದ್ಮಿನಿಗಳು 2024ರಲ್ಲಿ ಐವತ್ತು ಮುಟ್ಟಿದವು; 1976ರಲ್ಲಿ ನೋಂದಣಿಯಾದವುಗಳ ಸರದಿ 2026ರದ್ದು. ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದವರು ಈಗಲೇ ತೀರ್ಮಾನಿಸಬೇಕು: ದಿನಬಳಕೆಯ ಕಾರು ಬೇಕೋ, ವಿಂಟೇಜ್ ನಂಬರ್ ಬೇಕೋ. ಎರಡನೆಯದರತ್ತ ಒಂದು ಕಣ್ಣಿಟ್ಟವರು ಬಿಚ್ಚಿದ ಡೈನಮೋ, ಹಳೆ ಜೆಟ್ಟು, ಹಳೆ ದೀಪಗಳನ್ನು ಗುಜರಿಗೆ ಹಾಕದೆ ಹೆಸರಿನ ಚೀಟಿ ಕಟ್ಟಿ ಎತ್ತಿಡುವುದು ಒಳ್ಳೆಯದು.