ಮುನಿದ ನಾಯಿಯೂ ಮದ್ದಿನ ಸೂಜಿಯೂ

ತುಮಕೂರಿನಿಂದ ಕುಣಿಗಲ್ ಕಡೆಗೆ ಹೋಗುವ ದಾರಿಯಲ್ಲಿರುವ ಹೆಬ್ಬೂರಿನ ಸುತ್ತಮುತ್ತ ತೆಂಗಿನ ತೋಟಗಳೂ ರಾಗಿಯ ಹೊಲಗಳೂ ಹಬ್ಬಿಕೊಂಡಿವೆ. ತೋಟವಿದ್ದಲ್ಲಿ ಕಾವಲಿಗೊಂದು ನಾಯಿ ಇದ್ದೇ ಇರುತ್ತದೆ. ಒಣಗಿದ ಗರಿಯ ರಾಶಿಯೊಳಗೆ ಇಲಿ ಸೇರುತ್ತದೆ. ಇಲಿಯನ್ನು ಅರಸಿಕೊಂಡು ಹಾವು ಬರುತ್ತದೆ. ಹಾವಿನ ಸದ್ದಿಗೆ ನಾಯಿ ನುಗ್ಗುತ್ತದೆ. ಮೂತಿಯನ್ನೇ ಮುಂದೊಡ್ಡುವ ಪ್ರಾಣಿಯಾದ್ದರಿಂದ ಕಡಿತವು ಸಾಮಾನ್ಯವಾಗಿ ಮೂತಿಗೋ ಮುಂಗಾಲಿಗೋ ಬೀಳುತ್ತದೆ. ಕಡಿದದ್ದು ಕೊಳಕುಮಂಡಲವಾದರೆ ಮುಖವೆಲ್ಲ ಬಾತುಕೊಂಡು, ಬೆಳಿಗ್ಗೆ ನಿಮ್ಮ ಮಗುವಿನ ಕೈ ನೆಕ್ಕಿದ ನಾಯಿಯೇ ಮಧ್ಯಾಹ್ನ ಉರಿ ತಾಳಲಾರದೆ ನಿಮ್ಮ ಮೇಲೆ ಹಲ್ಲು ಮಸೆಯುತ್ತದೆ.

ಇಂಥ ನಾಯಿಗೆ ಬೇಕಾದ ಮದ್ದು ವಿಷಹಾರಿ ಸೀರಂ. ಅದನ್ನು ಚರ್ಮದಡಿ ಚುಚ್ಚಿದರೆ ಸಾಲದು, ರಕ್ತನಾಳಕ್ಕೇ ನಿಧಾನವಾಗಿ ಇಳಿಸಬೇಕು. ಅದಕ್ಕಾಗಿ ವೈದ್ಯರು ಮುಂಗಾಲಿನ ಮುಂಭಾಗದಲ್ಲಿ ಹಾದುಹೋಗುವ ನಾಳಕ್ಕೆ ಕ್ಯಾಥೆಟರ್ ಎಂಬ ಮೆದುವಾದ ಕೊಳವೆಯನ್ನು ಸೇರಿಸುತ್ತಾರೆ. ಸೂಜಿಯ ಮೇಲೆ ಕವಚದಂತೆ ಕುಳಿತ ಕೊಳವೆ ಅದು. ನಾಳವನ್ನು ಹೊಕ್ಕ ಮೇಲೆ ಸೂಜಿಯನ್ನು ಹೊರಗೆಳೆದು, ಕೊಳವೆಯನ್ನು ಅಲ್ಲಿಯೇ ಬಿಟ್ಟು ಪಟ್ಟಿ ಸುತ್ತುತ್ತಾರೆ. ಕೆಲಸ ಒಂದೆರಡು ನಿಮಿಷದ್ದು. ಆ ಎರಡು ನಿಮಿಷ ಕಾಲು ಅಲುಗಬಾರದು, ಅಷ್ಟೆ.

ಅಲುಗದಂತೆ ಮಾಡುವುದೆಂದರೆ ನಮ್ಮ ಜನಕ್ಕೆ ಹೊಳೆಯುವ ಉಪಾಯ ಒಂದೇ: ನಾಲ್ಕು ಜನ ಮೇಲೆ ಬಿದ್ದು ಅದುಮುವುದು. ಇದು ಕೆಲಸವನ್ನು ಕೆಡಿಸುವ ಉಪಾಯ. ಹೆದರಿದ ಪ್ರಾಣಿಯ ಕಾಲಿನ ನಾಳಗಳು ಮುದುಡಿಕೊಳ್ಳುತ್ತವೆ, ಸೂಜಿಗೆ ಸಿಗುವುದಿಲ್ಲ. ಒದ್ದಾಟದಿಂದ ವಿಷ ಬೇಗ ಹರಡುತ್ತದೆ. ಕೊಳಕುಮಂಡಲದ ವಿಷವೇರಿದ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುವುದರಿಂದ ತಪ್ಪಿ ಚುಚ್ಚಿದ ಪ್ರತಿಯೊಂದು ಗಾಯವೂ ಸೋರುತ್ತಲೇ ಇರುತ್ತದೆ. ಕುತ್ತಿಗೆಯ ದೊಡ್ಡ ನಾಳವನ್ನು ಬಿಟ್ಟು ಕಾಲಿನ ನಾಳವನ್ನು ಆರಿಸುವುದೂ ಇದಕ್ಕಾಗಿಯೇ: ಕಾಲಾದರೆ ಒತ್ತಿ ಹಿಡಿಯಬಹುದು.

ಹಾಗಾದರೆ ಹಿಡಿಯುವುದು ಹೇಗೆ? ಗುಂಪನ್ನು ಹೊರಗೆ ಕಳುಹಿಸಿರಿ. ಜಾರುವ ಮೇಜಿನ ಮೇಲೆ ಗೋಣಿಚೀಲ ಹಾಸಿರಿ. ಕಾಲು ಜಾರುವ ಭಯವೇ ಅರ್ಧ ಭಯ. ನುರಿತ ಸಹಾಯಕನು ನಾಯಿಯ ಪಕ್ಕದಲ್ಲಿ ನಿಂತು, ಒಂದು ತೋಳನ್ನು ಗದ್ದದ ಕೆಳಗಿನಿಂದ ಬಳಸಿ ಅದರ ತಲೆಯನ್ನು ತನ್ನ ಹೆಗಲ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಇನ್ನೊಂದು ಕೈಯಿಂದ ನಾಯಿಯ ಮೊಣಕೈಯನ್ನು ಹಿಂದಿನಿಂದ ಮುಂದಕ್ಕೆ ಒತ್ತಿ, ಹೆಬ್ಬೆರಳಿನಿಂದ ನಾಳವನ್ನು ಅದುಮಿ ತುಸು ಹೊರಮಗ್ಗುಲಿಗೆ ಹೊರಳಿಸುತ್ತಾನೆ. ನಾಳ ಉಬ್ಬಿ ನಿಲ್ಲುತ್ತದೆ. ಇಲ್ಲಿ ಬಲಕ್ಕಿಂತ ನಿಲುವು ಮುಖ್ಯ. ನಾಯಿ ನಿಮ್ಮದೆಂದು ತಲೆಯ ಬಳಿ ನೀವೇ ನಿಲ್ಲಲು ಹೋಗಬೇಡಿರಿ. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚೀತು.

ಬಾಯಿ ಕಟ್ಟಲು ಅಗಲವಾದ ಬಟ್ಟೆಯ ಪಟ್ಟಿ ಸಾಕು: ಮೂತಿಗೆ ಒಂದು ಸುತ್ತು, ದವಡೆಯ ಕೆಳಗೆ ಒಂದು ಗಂಟು, ಕಿವಿಗಳ ಹಿಂದೆ ಎಳೆದರೆ ಬಿಚ್ಚುವ ಕುಣಿಕೆ. ಆದರೆ ಬಾತ ಮೂತಿಗೆ, ವಾಂತಿ ಮಾಡುತ್ತಿರುವ ಅಥವಾ ಏದುಸಿರು ಬಿಡುತ್ತಿರುವ ನಾಯಿಗೆ ಇದನ್ನು ಕಟ್ಟಲೇಬಾರದು. ನಾಯಿ ತನ್ನ ಮೈಯ ಕಾವನ್ನು ಆರಿಸಿಕೊಳ್ಳುವುದೇ ಬಾಯಿ ತೆರೆದು ತೇಕುವುದರಿಂದ. ಅಂಥ ಸಂದರ್ಭದಲ್ಲಿ ದಪ್ಪ ಟವಲನ್ನು ಸುರುಳಿಯಾಗಿ ಸುತ್ತಿ ಕುತ್ತಿಗೆಯ ಸುತ್ತ ಕೊರಳಪಟ್ಟಿಯಂತೆ ಇಟ್ಟರೆ ತಲೆ ಹಿಂದಿರುಗಿ ಕಚ್ಚಲು ಬಾರದು.

ಇಷ್ಟಕ್ಕೂ ಬಗ್ಗದಿದ್ದರೆ ಮಂಪರಿನ ಮದ್ದು. ಅದನ್ನು ಸ್ನಾಯುವಿಗೆ ಕೊಟ್ಟು, ಕತ್ತಲೆಯ ಮೂಲೆಯಲ್ಲಿ ಹತ್ತಿಪ್ಪತ್ತು ನಿಮಿಷ ಸುಮ್ಮನೆ ಬಿಡಬೇಕು. ಅವಸರಪಟ್ಟು ಕೆಣಕಿದರೆ ಮದ್ದು ಹಿಡಿಯುವುದಿಲ್ಲ. ಎಲ್ಲ ನಾಯಿಗೂ ಒಂದೇ ಮದ್ದಲ್ಲ. 1962ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆ ರೂಪಿಸಿದ ಕ್ಸೈಲಜೀನ್ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಅದು ನೋವನ್ನೂ ತಗ್ಗಿಸುತ್ತದೆ, ಅದನ್ನು ಇಳಿಸುವ ಪ್ರತಿಮದ್ದೂ ಉಂಟು. ಆದರೆ ಅದು ವಾಂತಿ ತರುತ್ತದೆ, ಎದೆಬಡಿತವನ್ನು ನಿಧಾನಗೊಳಿಸುತ್ತದೆ. ಅಸಿಪ್ರೊಮಜೀನ್ ಮೈಯನ್ನು ಸಡಿಲಿಸುತ್ತದೆ, ನೋವನ್ನು ನೀಗುವುದಿಲ್ಲ, ರಕ್ತದೊತ್ತಡವನ್ನು ಇಳಿಸುತ್ತದೆ. ವಿಷದಿಂದ ಆಗಲೇ ಒತ್ತಡ ಕುಸಿದಿರುವ ನಾಯಿಗೆ ಅದು ಅಪಾಯಕರ. ಇಂಥ ಕಡೆ ಬ್ಯೂಟರ್ಫನಾಲ್‌ನಂಥ ಸೌಮ್ಯ ಮದ್ದೇ ವಾಸಿ. ತೂಕಡಿಸುತ್ತಿರುವಂತೆ ಕಂಡ ನಾಯಿಯೂ ಸದ್ದಿಗೆ ಬೆಚ್ಚಿ ಕಚ್ಚಬಲ್ಲದು.

ಮುಧೋಳದ ತಳಿಯದಾದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿರಿ. ಕೊಬ್ಬು ಕಡಿಮೆಯಿರುವ ಗ್ರೇಹೌಂಡಿನಂಥ ಓಟದ ನಾಯಿಗಳು ಥಯೋಪೆಂಟೋನ್ ಎಂಬ ಅರಿವಳಿಕೆಯಿಂದ ಏಳಲು ಬಹಳ ಹೊತ್ತು ಹಿಡಿಯುತ್ತವೆ. ಮುಧೋಳದ್ದೂ ಅದೇ ಮೈಕಟ್ಟು.

ಇನ್ನೊಂದು ಎಚ್ಚರಿಕೆ. ನಾಗರಹಾವು ಕಡಿದ ನಾಯಿಯ ದವಡೆ ಜೋತು ಜೊಲ್ಲು ಸುರಿಯುತ್ತದೆ. ಹುಚ್ಚು ಹಿಡಿದ ನಾಯಿಯದೂ ಹಾಗೆಯೇ. ಹಾವನ್ನು ಕಣ್ಣಾರೆ ಕಂಡವರಿಲ್ಲದಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿರಿ. ಹಲ್ಲು ತಗುಲಿದರೆ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆಗೆ ಹೋಗಿರಿ.

ಮುಂಚಿತವಾಗಿ ಗೊತ್ತಿರುವ ಚಿಕಿತ್ಸೆಗಾದರೆ, ವೈದ್ಯರನ್ನು ಕೇಳಿ, ಹೊರಡುವ ಎರಡು ಗಂಟೆ ಮೊದಲು ಮನೆಯಲ್ಲಿಯೇ ಗಾಬಾಪೆಂಟಿನ್ ಅಥವಾ ಟ್ರಾಜೊಡೋನ್ ಮಾತ್ರೆ ಕೊಡಬಹುದು. ಮನುಷ್ಯರಿಗಾಗಿ ತಂದಿಟ್ಟ ನಿದ್ದೆಮಾತ್ರೆ ಮಾತ್ರ ಬೇಡ. ಮರಿಯಿರುವಾಗಲೇ ದಿನಕ್ಕೊಮ್ಮೆ ಅದರ ಮುಂಗಾಲನ್ನು ಹಿಡಿದು, ಮೃದುವಾಗಿ ಒತ್ತಿ, ಒಂದು ತುಂಡು ರೊಟ್ಟಿ ಕೊಡುವ ರೂಢಿ ಇಟ್ಟುಕೊಂಡರೆ ಮುಂದೆ ಈ ಮಾತ್ರೆಯೂ ಬೇಕಾಗದೆ ಹೋದೀತು. ಸರಪಳಿಯಲ್ಲಿಯೇ ಬೆಳೆದ ನಾಯಿಗೆ ಮನುಷ್ಯನ ಕೈಯೆಂದರೆ ಏನೆಂದು ಗೊತ್ತಿರುವುದಿಲ್ಲ.

ಕೊಳವೆ ತೆಗೆದ ಜಾಗವನ್ನು ಹತ್ತಿಯಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು; ಮಂಡಲ ಕಡಿದ ನಾಯಿಗಾದರೆ ಇನ್ನೂ ಹೆಚ್ಚು ಹೊತ್ತು. ಮಂಪರು ಪೂರ್ತಿ ಇಳಿದು ನೆಟ್ಟಗೆ ನಡೆಯುವವರೆಗೆ ನೀರನ್ನಾಗಲಿ ಅನ್ನವನ್ನಾಗಲಿ ಮುಂದಿಡದೆ, ತಲೆಯನ್ನು ನೀಳವಾಗಿ ಚಾಚಿ ಒಂದು ಮಗ್ಗುಲಿಗೆ ಮಲಗಿಸಿಕೊಂಡು ಮನೆಗೆ ಕರೆದೊಯ್ಯಿರಿ.