ನಲ್ಲಿಯ ನಟ್ಟಿಗೆ ತಕ್ಕ ಸ್ಪ್ಯಾನರ್

ಊರಿನಲ್ಲಿ ನಲ್ಲಿ ಅಲುಗಾಡಿದರೆ ಪ್ಲಂಬರ್‌ಗೆ ಹೇಳಿ ಕಳಿಸಿದರಾಯಿತು. ಇಲ್ಲಿ ಬ್ರಿಟನ್ನಿನಲ್ಲಿ ಅವನ ಕೂಲಿ ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಹಾಗಾಗಿ ಕಳೆದ ಶನಿವಾರ ನಾನೇ ಅಡಿಗೆಮನೆ ಸಿಂಕಿನ ಕೆಳಗೆ ಅಂಗಾತ ಮಲಗಿದೆ. ಆ ಇಕ್ಕಟ್ಟಿನಲ್ಲಿ ಅಡ್ಜಸ್ಟಬಲ್ ಸ್ಪ್ಯಾನರ್ ತಿರುಗಲೇ ಇಲ್ಲ; ಬೆರಳಿನ ಗೆಣ್ಣು ತರಚಿದ್ದಷ್ಟೇ ಲಾಭ. "ಮೊದಲು ಸರಿಯಾದ ಸಾಮಾನು ತನ್ನಿ" ಎಂದಳು ನನ್ನಾಕೆ.

ಸ್ನೇಹಿತರೇ, ಅಂಗಡಿಗೆ ಹೋಗುವ ಮುನ್ನ ನಟ್ಟನ್ನು ಅಳೆಯಿರಿ. ಇಲ್ಲಿ ಕೈತೊಳೆಯುವ ಬೇಸಿನ್ನಿನ ನಲ್ಲಿ ಸಾಮಾನ್ಯವಾಗಿ ಅರ್ಧ ಇಂಚಿನದು, ಸ್ನಾನದ ಟಬ್ಬಿನದು ಮುಕ್ಕಾಲು ಇಂಚಿನದು. ಇವುಗಳ ನಟ್ಟಿಗೆಂದೇ ಒಂದು ತುದಿ 27, ಇನ್ನೊಂದು 32 ಮಿಲಿಮೀಟರ್ ಇರುವ ಬಾಕ್ಸ್ ಸ್ಪ್ಯಾನರ್ ಸಿಗುತ್ತದೆ. ಆದರೆ ಅದನ್ನು ತೂರಿಸಲು ಪೈಪು ಬಿಚ್ಚಬೇಕು. ಬಿಚ್ಚದೆ ತಿರುಗಿಸಲು ಉದ್ದ ಹಿಡಿಕೆಯ ಬೇಸಿನ್ ರೆಂಚ್ ಬೇಕು. ಅದರ ದವಡೆಯನ್ನು ಮಗುಚಿದರೆ ಸಡಿಲಿಸುವುದೂ ಆಯಿತು, ಬಿಗಿಯುವುದೂ ಆಯಿತು. ಬಿಸಿನೀರು ತಣ್ಣೀರು ಒಂದರಲ್ಲೇ ಬರುವ ಮಿಕ್ಸರ್ ನಲ್ಲಿಗೆ ಸಣ್ಣ ನಟ್ಟು. ನಮ್ಮದು 13 ಮಿಲಿಮೀಟರ್, ಕೆಲವು 11.

ನಲ್ಲಿ ಬಿಚ್ಚುವುದಾದರೆ ಮೊದಲು ಸ್ಟಾಪ್‌ಕಾಕನ್ನು ಪ್ರದಕ್ಷಿಣೆಯಾಗಿ ತಿರುಗಿಸಿ ನೀರು ನಿಲ್ಲಿಸಿ. ಕೆಳಗಿನಿಂದ ನೋಡುವಾಗ ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ನಟ್ಟು ಸಡಿಲ. ಮೇಲಿನಿಂದ ಯಾರಾದರೂ ನಲ್ಲಿ ಹಿಡಿದಿರಲಿ. ಅದು ತಿರುಗಿದರೆ ಪೈಪೂ ತಿರುಚಿಕೊಳ್ಳುತ್ತದೆ. ಪಿಂಗಾಣಿ ಬೇಸಿನ್ನಾದರೆ ಅತಿಯಾಗಿ ಬಿಗಿಯಬೇಡಿ, ಸೀಳು ಬಿಟ್ಟೀತು. ಕೊನೆಗೆ ಒಣ ಟಿಶ್ಯೂ ಒತ್ತಿ ನೋಡಿ, ಒದ್ದೆಯಾಗದಿದ್ದರೆ ಗೆದ್ದಿರಿ.

ನನ್ನ ಸ್ಪ್ಯಾನರ್ ಈಗ ಸುಮ್ಮನೆ ಕೂತಿದೆ. ಬೇಕಾದವರು ಹೇಳಿ, ಯುಗಾದಿ ಊಟಕ್ಕೆ ಬರುವಾಗ ತರುತ್ತೇನೆ.