ಆನೆಕಾಲು ರೋಗ: ಮಾತ್ರೆಯ ಆಚೆಗಿನ ಆರೈಕೆ

ರಕ್ತನಾಳಗಳಿಂದ ಅಂಗಾಂಶಗಳಿಗೆ ಸೋರುವ ದ್ರವದ ಒಂದು ಪಾಲನ್ನು ಮರಳಿ ರಕ್ತಕ್ಕೆ ಸೇರಿಸುವ ಕೆಲಸವನ್ನು ದುಗ್ಧನಾಳಗಳೆಂಬ ಸೂಕ್ಷ್ಮ ನಾಳಗಳ ಜಾಲವು ಮಾಡುತ್ತದೆ. ಈ ನಾಳಗಳು ಹಾಳಾದಾಗ ಪ್ರೋಟೀನ್ ಬೆರೆತ ದ್ರವವು ಕೈಯಲ್ಲೋ ಕಾಲಿನಲ್ಲೋ ನಿಂತು ಉಂಟಾಗುವ ದೀರ್ಘಕಾಲದ ಬಾವಿಗೆ ವೈದ್ಯರು ಲಿಂಫೆಡಿಮಾ ಎನ್ನುತ್ತಾರೆ. ಸ್ತನ ಕ್ಯಾನ್ಸರಿನ ಚಿಕಿತ್ಸೆಗಾಗಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದವರಲ್ಲಿ ಇದು ಕೈಗೆ ಬರಬಹುದಾದರೂ, ಕಲಬುರಗಿ, ಯಾದಗಿರಿ, ಬೀದರ್ ಮೊದಲಾದ ಜಿಲ್ಲೆಗಳಲ್ಲಿಯೂ ಕರಾವಳಿಯಲ್ಲಿಯೂ ಜನರು ಬಹುಕಾಲದಿಂದ ಕಂಡಿರುವ ಇದರ ರೂಪವೆಂದರೆ ಆನೆಕಾಲು ರೋಗ.

ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯು ಕಚ್ಚಿದಾಗ ದೇಹವನ್ನು ಸೇರುವ ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ಪರೋಪಜೀವಿಯ ಮರಿಗಳು ದುಗ್ಧನಾಳಗಳಲ್ಲಿ ದಾರದಂಥ ಹುಳುಗಳಾಗಿ ಬೆಳೆದು ಆ ನಾಳಗಳನ್ನು ಕೆಡಿಸುತ್ತವೆ. ಬಾವು ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ನಂತರವಾದ್ದರಿಂದ ಅದನ್ನು ಶಾಪವೆಂದೋ ಕರ್ಮಫಲವೆಂದೋ ಭಾವಿಸುವವರಿದ್ದಾರೆ. ಆದರೆ ರೋಗಿಯನ್ನು ಮುಟ್ಟುವುದರಿಂದಾಗಲಿ, ಜೊತೆಗೆ ಕುಳಿತು ಉಣ್ಣುವುದರಿಂದಾಗಲಿ ಈ ರೋಗ ಹರಡುವುದಿಲ್ಲ.

ರೋಗವಿರುವ ಪ್ರದೇಶಗಳಲ್ಲಿ ಸರ್ಕಾರವು ಉಚಿತವಾಗಿ ನುಂಗಿಸುವ ಡಿಇಸಿ, ಆಲ್ಬೆಂಡಜೋಲ್ ಮಾತ್ರೆಗಳು ರಕ್ತದಲ್ಲಿನ ಮರಿಹುಳುಗಳನ್ನು ಕೊಂದು ಸೋಂಕಿನ ಸರಪಣಿಯನ್ನು ಕಡಿಯುತ್ತವೆಯೇ ಹೊರತು, ಈಗಾಗಲೇ ದಪ್ಪಗಾದ ಕಾಲನ್ನು ಮೊದಲಿನಂತೆ ಮಾಡಲಾರವು. 2027ರೊಳಗೆ ಈ ರೋಗವನ್ನು ನಿವಾರಿಸುವ ಗುರಿಯನ್ನು ಭಾರತವು ಹೊಂದಿದೆ. ಆ ಗುರಿಯನ್ನು ಮುಟ್ಟಿದ ಮೇಲೂ ಬಾವು ಹೊತ್ತವರು ಉಳಿದೇ ಇರುವುದರಿಂದ ಅವರ ಆರೈಕೆಯು ಮಾತ್ರೆಯಷ್ಟೇ ಮುಖ್ಯವಾಗುತ್ತದೆ.

ಈ ಆರೈಕೆಯ ತಿರುಳು ಚರ್ಮದ ಶುಚಿತ್ವದಲ್ಲಿದೆ. ಬೆರಳ ಸಂದಿಯ ಬಿರುಕುಗಳಿಂದ ಬ್ಯಾಕ್ಟೀರಿಯಾ ಒಳಹೊಕ್ಕಾಗ ಚಳಿಜ್ವರ ಬಂದು, ಕಾಲು ಕೆಂಪಾಗಿ ಉರಿಯುತ್ತದೆ. ಇಂಥ ಪ್ರತಿಯೊಂದು ಬಾಧೆಯೂ ಬಾವನ್ನು ಹೆಚ್ಚಿಸುತ್ತದೆ. ಆದ್ದರಿಂದ ದಿನವೂ ಸೋಪು ಮತ್ತು ಶುದ್ಧ ನೀರಿನಿಂದ ಕಾಲನ್ನು ಮೃದುವಾಗಿ ತೊಳೆದು, ಚರ್ಮದ ಮಡಿಕೆಗಳನ್ನೂ ಬೆರಳ ಸಂದಿಗಳನ್ನೂ ಉಜ್ಜದೆ ಮೆಲ್ಲಗೆ ಒತ್ತಿ ಒರೆಸಿ, ಗಾಯವಿದ್ದಲ್ಲಿ ವೈದ್ಯರು ಹೇಳಿದ ಮುಲಾಮು ಹಚ್ಚಬೇಕು. ಮಲಗುವಾಗ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಡುವುದು, ಪಾದವನ್ನು ಆಗಾಗ ಆಡಿಸುವುದು, ಸಡಿಲವಾದ ಚಪ್ಪಲಿ ಧರಿಸುವುದು, ವೈದ್ಯರು ತೋರಿಸಿಕೊಟ್ಟಂತೆ ಬ್ಯಾಂಡೇಜ್ ಸುತ್ತುವುದು ಇದಕ್ಕೆ ಪೂರಕ.

ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆಯು ಆಯುರ್ವೇದ, ಯೋಗ, ಬ್ಯಾಂಡೇಜ್ ಹಾಗೂ ಆಧುನಿಕ ಔಷಧಗಳನ್ನು ಒಟ್ಟುಗೂಡಿಸಿ ರೂಪಿಸಿದ ಚಿಕಿತ್ಸೆಯನ್ನು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳಲ್ಲಿ ಸ್ವಯಂ ಆರೈಕೆಯ ತರಬೇತಿಯೊಂದಿಗೆ ನಡೆಸಿದಾಗ, ರೋಗಿಗಳ ಬಾವೂ ಪದೇಪದೇ ಬರುವ ಜ್ವರವೂ ಕಡಿಮೆಯಾದವು.

ಬಾವು ಕಂಡವರು ಅದನ್ನು ಸೀರೆಯ ನೆರಿಗೆಯಲ್ಲೋ ಪಂಚೆಯ ಮರೆಯಲ್ಲೋ ಮುಚ್ಚಿಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಬಾಗಿ ಪಾದ ಮುಟ್ಟಲಾಗದವರ ಕಾಲನ್ನು ತೊಳೆದು ಒರೆಸುವ ಹೊಣೆಯನ್ನು ಮನೆಯವರು ಹಂಚಿಕೊಳ್ಳಬೇಕು. ಮಾತ್ರೆ ಹಂಚಲು ಆಶಾ ಕಾರ್ಯಕರ್ತೆಯರು ಬಂದಾಗ ಅರ್ಹರೆಲ್ಲರೂ ಅವರೆದುರೇ ಅದನ್ನು ನುಂಗಬೇಕು.